ಮಗ ದುಡಿಯಲು ಶುರು ಮಾಡಿದ, ಜೀವನಾಂಶ ಇನ್ನೂ ಬರುತ್ತಿದೆ: ಕೋರ್ಟಿಗೆ ಹೇಳಬೇಕೇ?

ಚನ್ನಗಿರಿ ತಾಲ್ಲೂಕಿನ ನಲ್ಲೂರಿನಲ್ಲಿ ಒಂದು ಮನೆ ಎಂದುಕೊಳ್ಳಿ. ಗಂಡ ಹೆಂಡತಿ ಬೇರೆಯಾಗಿ ಹತ್ತು ವರ್ಷವಾಗಿದೆ. ಕೋರ್ಟ್ ಆದೇಶದಂತೆ ಗಂಡ ಪ್ರತಿ ತಿಂಗಳು ಹೆಂಡತಿಗೆ 5,000, ಮಗನಿಗೆ 3,000, ಒಟ್ಟು 8,000 ರೂಪಾಯಿ ಕಳಿಸುತ್ತಾರೆ. ಮಗ ಪಿಯುಸಿ ಮುಗಿಸಿ ದಾವಣಗೆರೆಯ ಬಟ್ಟೆ ಅಂಗಡಿಯೊಂದರಲ್ಲಿ ಕೆಲಸಕ್ಕೆ ಸೇರಿದ್ದಾನೆ. ಜೂನ್‌ನಲ್ಲಿ ಅವನಿಗೆ 18 ತುಂಬಿದೆ. ಜನವರಿ ಬಂದರೂ ಖಾತೆಗೆ 8,000 ಬೀಳುತ್ತಲೇ ಇದೆ. ತಾಯಿಗೆ ಅಳುಕು. ಹೇಳಿದರೆ ಇರುವ ಹಣವೂ ಹೋದೀತು, ಹೇಳದಿದ್ದರೆ ನಾಳೆ ಕೇಸು ಬಿದ್ದೀತು.

ಇಂಥ ಹೊತ್ತಿನಲ್ಲೇ ಮೊಬೈಲಿಗೆ ಫಾರ್ವರ್ಡ್ ಬರುತ್ತದೆ. ಒಂದರಲ್ಲಿ, "ಮಗು ಕೆಲಸಕ್ಕೆ ಸೇರಿದ ದಿನದಿಂದ ಪಡೆದ ಜೀವನಾಂಶವನ್ನೆಲ್ಲ ಬಡ್ಡಿ ಸಮೇತ ವಾಪಸ್ ಕೊಡಬೇಕು, ಇಲ್ಲದಿದ್ದರೆ ಜೈಲು" ಎಂದಿರುತ್ತದೆ. ಇನ್ನೊಂದರಲ್ಲಿ, "ಮಕ್ಕಳಿಗೆ 18 ಆದರೆ ತಂದೆ ಒಂದು ಪೈಸೆಯನ್ನೂ ಕೊಡಬೇಕಿಲ್ಲ, ನಾಳೆಯೇ ನಿಲ್ಲಿಸಿ" ಎಂದಿರುತ್ತದೆ. ಮೊದಲನೆಯದು ತಾಯಂದಿರನ್ನು ಹೆದರಿಸುತ್ತದೆ, ಎರಡನೆಯದು ತಂದೆಯರನ್ನು ತೊಂದರೆಗೆ ನೂಕುತ್ತದೆ. ಎರಡರಲ್ಲೂ ಅರ್ಧ ಸತ್ಯವಿದೆ. ಹಾಗಾಗಿಯೇ ಎರಡೂ ಅಪಾಯಕಾರಿ.

ಚಿಕ್ಕ ಉತ್ತರ ಇಷ್ಟು: ಕೆಲಸ ಸಿಕ್ಕಿತೆಂದು ಕೋರ್ಟಿನ ಆದೇಶ ತಾನಾಗಿಯೇ ಬದಲಾಗುವುದಿಲ್ಲ. ಅದನ್ನು ಬದಲಿಸುವುದು ಕೋರ್ಟೇ. ಆದ್ದರಿಂದ ತಾಯಿಯಾಗಲಿ ತಂದೆಯಾಗಲಿ ಬದಲಾವಣೆಯನ್ನು ಬೇಗ, ಬರಹದಲ್ಲಿ, ಕೋರ್ಟಿನ ಮುಂದಿಡುವುದು ಒಳ್ಳೆಯದು. ಹೇಳುವುದರಿಂದ ಆಗುವ ನಷ್ಟಕ್ಕಿಂತ ಬಚ್ಚಿಡುವುದರಿಂದ ಆಗುವ ನಷ್ಟ ಹೆಚ್ಚು. ಯಾಕೆ ಎಂದು ನೋಡೋಣ.

ಕಾನೂನಿನ ಪ್ರಶ್ನೆ "ಕೆಲಸ ಇದೆಯೇ?" ಎಂಬುದಲ್ಲ

ಹೆಂಡತಿ ಮಕ್ಕಳ ಜೀವನಾಂಶಕ್ಕೆ ನಮ್ಮಲ್ಲಿ ಹೆಚ್ಚಾಗಿ ಬಳಕೆಯಲ್ಲಿದ್ದದ್ದು ಸಿಆರ್‌ಪಿಸಿ ಸೆಕ್ಷನ್ 125. 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಜಾರಿಗೆ ಬಂದ ಮೇಲೆ ಅದೇ ವಿಷಯ ಸೆಕ್ಷನ್ 144ರಲ್ಲಿದೆ. ಇದು ಎಲ್ಲ ಧರ್ಮದವರಿಗೂ ಅನ್ವಯಿಸುತ್ತದೆ. ಮುಸ್ಲಿಂ ದಂಪತಿಯ ಮಕ್ಕಳಿಗೂ ಈ ಹಕ್ಕು ಇದೆ ಎಂದು ಸುಪ್ರೀಂ ಕೋರ್ಟ್ 1997ರಲ್ಲೇ ಹೇಳಿದೆ.

ಈ ಸೆಕ್ಷನ್ ಕೇಳುವ ಪ್ರಶ್ನೆ, "ಮಗು ತನ್ನನ್ನು ತಾನು ಸಾಕಿಕೊಳ್ಳಲು ಶಕ್ತವೇ?" ಎಂಬುದು. ಕೆಲಸ ಇರುವುದು ಬೇರೆ, ಆ ಸಂಬಳದಲ್ಲಿ ಬದುಕಲು ಆಗುವುದು ಬೇರೆ. ಚನ್ನಗಿರಿ ಸೀಮೆಯಲ್ಲಿ ಅಡಿಕೆ ಕೊಯ್ಲಿನ ಕಾಲಕ್ಕೆ ಕಾಲೇಜು ಹುಡುಗ ರಜೆಯಲ್ಲಿ ಅಡಿಕೆ ಸುಲಿದು ನಾಲ್ಕು ಕಾಸು ಮಾಡಿಕೊಳ್ಳಬಹುದು. ಜಗಳೂರಿನ ಕಡೆ ಮೆಕ್ಕೆಜೋಳದ ಕೆಲಸಕ್ಕೆ ಹೋಗಿ ಪುಸ್ತಕದ ಖರ್ಚು ತೆಗೆದುಕೊಳ್ಳಬಹುದು. ಅಷ್ಟಕ್ಕೇ ಅವನು "ದುಡಿಯುವವನು" ಆಗಿಬಿಡುವುದಿಲ್ಲ. ಐಟಿಐ ಮುಗಿಸಿ ಅಪ್ರೆಂಟಿಸ್ ಆಗಿರುವ ಹುಡುಗನ ಮಾತೂ ಹೀಗೆಯೇ. 1961ರ ಅಪ್ರೆಂಟಿಸ್ ಕಾಯ್ದೆಯ ಪ್ರಕಾರ ಅವನು ಕಲಿಯುವವನೇ ಹೊರತು ಕಾರ್ಮಿಕನಲ್ಲ, ಅವನಿಗೆ ಬರುವುದು ಸ್ಟೈಪೆಂಡ್. ಆ ಹಣವನ್ನು ಕೋರ್ಟ್ ಲೆಕ್ಕಕ್ಕೆ ತೆಗೆದುಕೊಳ್ಳಬಹುದು. ಆದರೆ ಅದು ಬರುತ್ತಿದೆ ಎಂಬ ಒಂದೇ ಕಾರಣಕ್ಕೆ ಜೀವನಾಂಶ ತಾನಾಗಿ ನಿಲ್ಲುವುದಿಲ್ಲ.

ಇನ್ನೊಂದು ವಿಷಯ ಗಮನಿಸಿ. 14 ವರ್ಷದೊಳಗಿನ ಮಗುವನ್ನು ಕೆಲಸಕ್ಕೆ ಇಟ್ಟುಕೊಳ್ಳುವುದೇ ಕಾನೂನುಬಾಹಿರ. ಶಾಲೆಯ ಸಮಯದ ಆಚೆ ಮನೆತನದ ಕಸುಬಿನಲ್ಲಿ ಕೈಜೋಡಿಸುವಂಥ ಕೆಲವೇ ವಿನಾಯಿತಿಗಳಿವೆ. 14ರಿಂದ 18ರವರನ್ನು ಅಪಾಯಕಾರಿ ಕೆಲಸಕ್ಕೆ ಹಚ್ಚುವಂತಿಲ್ಲ. ಹಾಗಾಗಿ "ಹುಡುಗ ಶಾಲೆ ಬಿಟ್ಟು ದುಡಿಯುತ್ತಿದ್ದಾನೆ, ಇನ್ನು ನಾನೇಕೆ ಕೊಡಲಿ?" ಎಂದು ತಂದೆ ಕೇಳಿದರೆ, ಅವನು ಶಾಲೆ ಬಿಟ್ಟದ್ದೇಕೆ ಎಂಬ ಪ್ರಶ್ನೆಯೂ ಅದರ ಹಿಂದೆಯೇ ಬರುತ್ತದೆ.

18 ತುಂಬಿದರೆ ಏನಾಗುತ್ತದೆ?

ಇಲ್ಲಿ ವಯಸ್ಸು ದೊಡ್ಡ ಗೆರೆ. ಆದರೆ ಎಲ್ಲರಿಗೂ ಒಂದೇ ಗೆರೆಯಲ್ಲ.

ಮಗ: ಆರೋಗ್ಯವಾಗಿರುವ ಮಗನಿಗೆ 18 ತುಂಬಿದ ಮೇಲೆ ಸೆಕ್ಷನ್ 144ರ ಅಡಿ ಜೀವನಾಂಶದ ಹಕ್ಕು ಸಾಮಾನ್ಯವಾಗಿ ಉಳಿಯುವುದಿಲ್ಲ. ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆ 1956ರ ಸೆಕ್ಷನ್ 20 ಕೂಡ ಮಗನ ವಿಷಯದಲ್ಲಿ ಅಪ್ರಾಪ್ತ ವಯಸ್ಸಿನವರೆಗೆ ಎಂದೇ ಹೇಳುತ್ತದೆ.

ಮಗಳು: ಮದುವೆಯಾಗದ ಮಗಳ ವಿಷಯ ಬೇರೆ. 2020ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಡಿಸಿ ಹೇಳಿತು. ಆರೋಗ್ಯವಂತ ಮಗಳು 18ರ ನಂತರ ಸೆಕ್ಷನ್ 125ರ ಅಡಿ ಕೇಳಲು ಬರುವುದಿಲ್ಲ. ಆದರೆ ಹಿಂದೂ ಮಗಳು ಮದುವೆಯಾಗುವವರೆಗೆ 1956ರ ಕಾಯ್ದೆಯ ಸೆಕ್ಷನ್ 20(3)ರ ಅಡಿ ಕೇಳಬಹುದು. ಅಲ್ಲೂ ಒಂದು ಷರತ್ತಿದೆ: ತನ್ನ ಸ್ವಂತ ದುಡಿಮೆಯಿಂದ ಅಥವಾ ಆಸ್ತಿಯಿಂದ ಬದುಕಲು ಆಗದಷ್ಟರ ಮಟ್ಟಿಗೆ ಮಾತ್ರ. ಅಂದರೆ ಮಗಳು ಬೆಂಗಳೂರಿನಲ್ಲಿ ಒಳ್ಳೆಯ ಸಂಬಳದ ಕೆಲಸ ಹಿಡಿದರೆ ಅದು ನೇರವಾಗಿ ಲೆಕ್ಕಕ್ಕೆ ಬರುತ್ತದೆ.

ಅಂಗವೈಕಲ್ಯವಿರುವ ಮಗು: ದೈಹಿಕ ಅಥವಾ ಮಾನಸಿಕ ತೊಂದರೆಯಿಂದಲೋ, ಗಾಯದಿಂದಲೋ ತನ್ನನ್ನು ತಾನು ಸಾಕಿಕೊಳ್ಳಲಾಗದ ಮಗುವಿಗೆ 18ರ ನಂತರವೂ ಹಕ್ಕಿದೆ. ಮದುವೆಯಾದ ಮಗಳಿಗೆ ಮಾತ್ರ ಇದು ಅನ್ವಯಿಸುವುದಿಲ್ಲ.

ಓದುತ್ತಿರುವ ಮಗು: 2021ರ ಮಾರ್ಚ್‌ನಲ್ಲಿ ಕರ್ನಾಟಕದ ಆರೋಗ್ಯ ಇಲಾಖೆಯ ನೌಕರರೊಬ್ಬರ ಪ್ರಕರಣದಲ್ಲಿ, ಮಗ ಮೊದಲ ಪದವಿ ಮುಗಿಸುವವರೆಗೂ ಖರ್ಚು ಕೊಡಬೇಕೆಂದು ಸುಪ್ರೀಂ ಕೋರ್ಟ್ ಸೂಚಿಸಿತು. ಈ ಕಾಲದಲ್ಲಿ 18ಕ್ಕೆ ಯಾರ ಓದೂ ಮುಗಿಯುವುದಿಲ್ಲ ಎಂಬುದು ಅದರ ಹಿಂದಿನ ವಿಚಾರ. ಇದು ಆ ಪ್ರಕರಣದ ಸಂದರ್ಭ ನೋಡಿ ನೀಡಿದ ಸೂಚನೆ. ಎಲ್ಲರ ಆದೇಶವೂ ಹಾಗೆ ತಾನಾಗಿ ಮುಂದುವರಿಯುತ್ತದೆ ಎಂದು ತಿಳಿಯಬಾರದು.

ಆದ್ದರಿಂದ ಮೊದಲ ಕೆಲಸ ಫಾರ್ವರ್ಡ್ ಓದುವುದಲ್ಲ, ನಿಮ್ಮ ಆದೇಶದ ಪ್ರತಿ ಓದುವುದು. "ಪ್ರಾಪ್ತ ವಯಸ್ಸಿಗೆ ಬರುವವರೆಗೆ" ಎಂದಿದೆಯೇ, "ಮದುವೆಯಾಗುವವರೆಗೆ" ಎಂದಿದೆಯೇ, "ಪದವಿ ಮುಗಿಯುವವರೆಗೆ" ಎಂದಿದೆಯೇ? ಆದೇಶ ಯಾವ ಕಾಯ್ದೆಯಡಿ ಆಗಿದೆ? ತಾಯಿಗೆ ಎಷ್ಟು, ಮಗುವಿಗೆ ಎಷ್ಟು ಎಂದು ಬೇರೆ ಬೇರೆಯಾಗಿ ಬರೆದಿದೆಯೇ? ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಹೇಳಲೇಬೇಕು ಎಂಬ ನಿಯಮ ಇದೆಯೇ?

ಈ ವಿಷಯದ ಎಷ್ಟೋ ಬರಹಗಳು ಇಂಟರ್ನೆಟ್‌ನಲ್ಲಿ ಸಿಗುವುದು ಬ್ರಿಟನ್‌ನವು. ಅಲ್ಲಿ ಮಕ್ಕಳ ಜೀವನಾಂಶ ನೋಡಿಕೊಳ್ಳಲು ಸರ್ಕಾರದ್ದೇ ಒಂದು ವಿಭಾಗವಿದೆ. ಅಲ್ಲಿ ಸಾಮಾನ್ಯವಾಗಿ 16 ವರ್ಷದವರೆಗೆ, ಮಗು ಶಾಲಾ ಮಟ್ಟದ ಪೂರ್ಣಾವಧಿ ಓದಿನಲ್ಲಿದ್ದರೆ 20ರವರೆಗೆ ಹಣ ಸಲ್ಲುತ್ತದೆ. ಮಗು ಓದು ಬಿಟ್ಟರೆ ಆ ವಿಭಾಗಕ್ಕೆ ತಿಳಿಸಬೇಕು. ಅದನ್ನೇ ಯಾರೋ ಕನ್ನಡಕ್ಕೆ ಇಳಿಸಿ ಹಂಚಿದರೆ ನಮ್ಮವರು ಗಾಬರಿಯಾಗುತ್ತಾರೆ. ನಮ್ಮಲ್ಲಿ ಅಂಥ ವಿಭಾಗವಿಲ್ಲ. ಇಲ್ಲಿ ಇರುವುದು ಕೋರ್ಟು.

ಅಂತಿಮ ಆದೇಶವಾದ ಮೇಲೆ "ಮಗು ಕೆಲಸಕ್ಕೆ ಸೇರಿದರೆ ಇಷ್ಟು ದಿನದೊಳಗೆ ತಿಳಿಸಬೇಕು" ಎಂಬ ಗಡುವು ಸೆಕ್ಷನ್ 144ರಲ್ಲಿ ಇಲ್ಲ. ನಿಮ್ಮ ಆದೇಶದಲ್ಲೇ ಅಂಥ ಷರತ್ತು ಹಾಕಿದ್ದರೆ ಅದನ್ನು ಪಾಲಿಸಲೇಬೇಕು. ಷರತ್ತು ಇಲ್ಲದಿದ್ದರೆ, ಕೆಲವು ತಿಂಗಳು ಸುಮ್ಮನಿದ್ದ ಮಾತ್ರಕ್ಕೆ ತಾಯಿ ಅಪರಾಧಿಯಾಗುವುದಿಲ್ಲ.

ಆದರೆ ಸುಮ್ಮನಿರುವುದು ಬೇರೆ, ಸುಳ್ಳು ಹೇಳುವುದು ಬೇರೆ. 2020ರ ನವೆಂಬರ್ 4ರಂದು "ರಜನೀಶ್ ವಿರುದ್ಧ ನೇಹಾ" ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇಡೀ ದೇಶಕ್ಕೆ ಅನ್ವಯಿಸುವ ಮಾರ್ಗಸೂಚಿ ಕೊಟ್ಟಿತು. ಅದರಂತೆ ಜೀವನಾಂಶದ ಪ್ರಕರಣಗಳಲ್ಲಿ ಎರಡೂ ಕಡೆಯವರು ತಮ್ಮ ಆದಾಯ, ಆಸ್ತಿ, ಸಾಲ, ಖರ್ಚುಗಳ ಅಫಿಡವಿಟ್ ಸಲ್ಲಿಸಬೇಕು. ಪ್ರಕರಣ ನಡೆಯುತ್ತಿರುವಾಗ ಪರಿಸ್ಥಿತಿ ಬದಲಾದರೆ ತಿದ್ದುಪಡಿ ಅಫಿಡವಿಟ್ ಕೊಡಲು ಅವಕಾಶವಿದೆ. ಸುಳ್ಳು ಬರೆದದ್ದು ಗೊತ್ತಾದರೆ ಸುಳ್ಳು ಸಾಕ್ಷ್ಯದ ಕ್ರಮವನ್ನೂ ನ್ಯಾಯಾಂಗ ನಿಂದನೆಯ ಕ್ರಮವನ್ನೂ ಕೋರ್ಟ್ ಪರಿಗಣಿಸಬಹುದು.

ಅಂದರೆ ತಾಯಿಗೆ ಅಪಾಯ ಬರುವ ಹೊತ್ತು ಯಾವುದು? ಬಾಕಿ ವಸೂಲಿಗೆ ಅಥವಾ ಜೀವನಾಂಶ ಹೆಚ್ಚಿಸಲು ಹೊಸ ಅರ್ಜಿ ಹಾಕುವಾಗ. ಅದರಲ್ಲಿ "ಮಗನಿಗೆ ಯಾವ ಆದಾಯವೂ ಇಲ್ಲ, ಇನ್ನೂ ಓದುತ್ತಿದ್ದಾನೆ" ಎಂದು ಪ್ರಮಾಣ ಮಾಡಿ ಬರೆದರೆ ಅಲ್ಲಿ ಸಿಕ್ಕಿಬೀಳುತ್ತಾರೆ. ಇವತ್ತು ಕೆಲಸ ಬಚ್ಚಿಡುವುದು ಸುಲಭವಲ್ಲ. ಪಿಎಫ್ ಖಾತೆ, ಸಂಬಳದ ಬ್ಯಾಂಕ್ ಖಾತೆ, ಫೋನ್‌ಪೇ ಗೂಗಲ್‌ಪೇ ಲೆಕ್ಕ, ಎಲ್ಲವೂ ಹೆಜ್ಜೆಗುರುತು ಬಿಡುತ್ತವೆ. ಒಂದು ಸುಳ್ಳು ಬಯಲಾದರೆ ತಾಯಿ ಹೇಳುವ ನಿಜವನ್ನೂ ನಂಬುವವರಿಲ್ಲ. ಮಗನ 3,000 ಉಳಿಸಿಕೊಳ್ಳಲು ಹೋಗಿ ತನ್ನ 5,000ಕ್ಕೂ ಕುತ್ತು ತಂದುಕೊಂಡಂತೆ.

ಹೆಚ್ಚಾಗಿ ಬಂದ ಹಣ ವಾಪಸ್ ಕೊಡಬೇಕೇ?

ನಮ್ಮ ಉದಾಹರಣೆಯಲ್ಲಿ ಜೂನ್‌ನಿಂದ ಜನವರಿವರೆಗೆ 8 ತಿಂಗಳು, ತಿಂಗಳಿಗೆ 3,000ದಂತೆ 24,000 ರೂಪಾಯಿ. ಅದು ಆಗಲೇ ಅಕ್ಕಿ ಬೇಳೆ, ಬಸ್ ಚಾರ್ಜು, ಮಗನ ಬಟ್ಟೆಬರೆಗೆ ಖರ್ಚಾಗಿದೆ.

ಇಲ್ಲಿ ನೆರವಿಗೆ ಬರುವುದು ಕರ್ನಾಟಕದ್ದೇ ಒಂದು ಪ್ರಕರಣ. ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಡಿ 2015ರಲ್ಲಿ ಮಹಿಳೆಯೊಬ್ಬರಿಗೆ ತಿಂಗಳಿಗೆ 12,000 ರೂಪಾಯಿ ಜೀವನಾಂಶದ ಆದೇಶವಾಗಿತ್ತು. ವರ್ಷಗಳ ನಂತರ ಗಂಡ ಆ ಆದೇಶವನ್ನು ರದ್ದು ಮಾಡಿ, ಕೊಟ್ಟ ಹಣವನ್ನೆಲ್ಲ ವಾಪಸ್ ಕೊಡಿಸಿ ಎಂದು ಕೇಳಿದರು. 2024ರ ಸೆಪ್ಟೆಂಬರ್ 10ರಂದು ನ್ಯಾಯಮೂರ್ತಿಗಳಾದ ಬಿ.ವಿ. ನಾಗರತ್ನ ಮತ್ತು ಎನ್. ಕೋಟೀಶ್ವರ್ ಸಿಂಗ್ ಅವರಿದ್ದ ಸುಪ್ರೀಂ ಕೋರ್ಟ್ ಪೀಠ ಅದನ್ನು ಒಪ್ಪಲಿಲ್ಲ. ಆದೇಶವಾದ ನಂತರ ಪರಿಸ್ಥಿತಿ ಬದಲಾಗಿದ್ದರೆ ಮಾತ್ರ ಬದಲಾವಣೆ ಕೇಳಬಹುದು, ಆ ಬದಲಾವಣೆ ಮುಂದಿನ ಅವಧಿಗೆ ಅನ್ವಯಿಸುತ್ತದೆ, ಹಿಂದೆ ಕೊಟ್ಟದ್ದನ್ನೆಲ್ಲ ವಾಪಸ್ ಕೇಳಲು ಬರುವುದಿಲ್ಲ ಎಂದು ಹೇಳಿತು.

"ಎಲ್ಲವನ್ನೂ ಬಡ್ಡಿ ಸಮೇತ ವಾಪಸ್ ಕೊಡಬೇಕು" ಎಂಬ ಫಾರ್ವರ್ಡ್ ಇಲ್ಲಿಗೆ ಬಿದ್ದುಹೋಗುತ್ತದೆ. ಹಾಗೆಂದು ಪೂರ್ತಿ ನಿಶ್ಚಿಂತೆಯಿಂದಲೂ ಇರುವಂತಿಲ್ಲ. ಆ ತೀರ್ಪು ಬಂದದ್ದು ಹೆಂಡತಿಯ ಜೀವನಾಂಶದ ಬಗ್ಗೆ, ಬೇರೊಂದು ಕಾಯ್ದೆಯಡಿ. ನಮ್ಮ ಉದಾಹರಣೆಯ ಆದೇಶದಲ್ಲಿ "18 ತುಂಬುವವರೆಗೆ ಮಾತ್ರ" ಎಂದು ಸ್ಪಷ್ಟವಾಗಿ ಬರೆದಿದ್ದು, ಗೊತ್ತಿಲ್ಲದೆ ಹಣ ಹೋಗುತ್ತಿದ್ದರೆ, ತಂದೆಯ ವಕೀಲರು 1872ರ ಕರಾರು ಕಾಯ್ದೆಯ ಸೆಕ್ಷನ್ 72 ಎತ್ತಬಹುದು. ತಪ್ಪಾಗಿ ಸಂದಾಯವಾದ ಹಣವನ್ನು ಪಡೆದವರು ಹಿಂದಿರುಗಿಸಬೇಕು ಎನ್ನುತ್ತದೆ ಅದು. ಕೋರ್ಟ್ ಈ ವಾದವನ್ನು ಒಪ್ಪುತ್ತದೋ ಇಲ್ಲವೋ ಬೇರೆ ಮಾತು. ಆದರೆ ತಾಯಿ ಮೊದಲೇ ತಿಳಿಸಿದ್ದರೆ ಆ ಜಗಳವೇ ಹುಟ್ಟುವುದಿಲ್ಲ. 24,000 ಆಗುವ ಮುಂಚೆ, 3,000 ಇದ್ದಾಗಲೇ ಹೇಳುವುದರ ಲಾಭ ಇದೇ.

ತಂದೆ ತಾನೇ ನಿಲ್ಲಿಸಿಬಿಡಬಹುದೇ?

ಇದು ಎರಡನೇ ಫಾರ್ವರ್ಡ್‌ನ ಅಪಾಯ. ಆದೇಶ ಜಾರಿಯಲ್ಲಿರುವಾಗ ಹಣ ನಿಲ್ಲಿಸಿದರೆ ಕೋರ್ಟ್ ವಾರಂಟ್ ಹೊರಡಿಸಿ ವಸೂಲಿ ಮಾಡಬಹುದು. ಆಗಲೂ ಕೊಡದಿದ್ದರೆ, ಬಾಕಿ ಉಳಿದ ಪ್ರತಿ ತಿಂಗಳಿಗೆ ಗರಿಷ್ಠ ಒಂದು ತಿಂಗಳವರೆಗೆ ಜೈಲಿಗೆ ಕಳಿಸುವ ಅಧಿಕಾರವೂ ಇದೆ. ಬಾಕಿಗಾಗಿ ಸಂಗಾತಿ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು ಎಂಬುದು ನಿಯಮ.

ಜನ ಮಾಡುವ ದೊಡ್ಡ ತಪ್ಪು ಎಂದರೆ ಮಗನ ಹೆಸರಿನಲ್ಲಿ ಎಲ್ಲವನ್ನೂ ನಿಲ್ಲಿಸುವುದು. ಮಗನಿಗೆ 18 ಆದರೆ ಹೋಗುವುದು ಮಗನ ಪಾಲು ಮಾತ್ರ, ಹೆಂಡತಿಯ ಪಾಲು ಹಾಗೆಯೇ ಇರುತ್ತದೆ. ಮಗನ ಸಂಬಳ ತೋರಿಸಿ ಅದನ್ನು ತಾನಾಗಿ ನಿಲ್ಲಿಸಲು ಬರುವುದಿಲ್ಲ. ಹಾಗೆಯೇ, "ಹಿಂದಿನ 24,000 ಹೆಚ್ಚು ಕೊಟ್ಟಿದ್ದೇನೆ, ಅದನ್ನು ನಿನ್ನ 5,000ದಲ್ಲಿ ಮುರಿದುಕೊಳ್ಳುತ್ತೇನೆ" ಎಂದು ತಾನೇ ಲೆಕ್ಕ ಹಾಕಿಕೊಳ್ಳುವಂತಿಲ್ಲ. ಹೊಂದಾಣಿಕೆ ಏನಿದ್ದರೂ ಕೋರ್ಟಿನ ಅನುಮತಿಯಿಂದ ಆಗಬೇಕು.

ತಂದೆಗೆ ದಾರಿ ಇಲ್ಲವೆಂದಲ್ಲ. ಪರಿಸ್ಥಿತಿ ಬದಲಾಗಿದೆ ಎಂದು ತೋರಿಸಿ ಆದೇಶ ಬದಲಿಸಲು ಸೆಕ್ಷನ್ 146ರ ಅಡಿ, ಹಳೆಯ ಲೆಕ್ಕದಲ್ಲಿ ಸಿಆರ್‌ಪಿಸಿ 127ರ ಅಡಿ, ಅರ್ಜಿ ಹಾಕಬಹುದು. ಸಂಬಳದಿಂದಲೇ ಕಡಿತವಾಗುತ್ತಿರುವ ನೌಕರರಿಗೆ ಇದು ಇನ್ನೂ ಮುಖ್ಯ. ಕೋರ್ಟಿನಿಂದ ಹೊಸ ಆದೇಶ ಕಚೇರಿಗೆ ತಲುಪುವವರೆಗೆ ಕಡಿತ ತಾನಾಗಿ ನಿಲ್ಲುವುದಿಲ್ಲ.

ಅದೇ ಬಾಗಿಲು ತಾಯಿಗೂ ತೆರೆದಿದೆ

ಇದು ಬಹಳ ಜನಕ್ಕೆ ಗೊತ್ತಿರುವುದಿಲ್ಲ. ಸೆಕ್ಷನ್ 146 ಜೀವನಾಂಶ ಇಳಿಸಲು ಮಾತ್ರ ಇರುವುದಲ್ಲ, ಏರಿಸಲೂ ಇದೆ. ಹತ್ತು ವರ್ಷದ ಹಿಂದೆ 5,000 ಎಂದು ಬರೆದದ್ದು ಇವತ್ತಿನ ಸಂತೆಯಲ್ಲಿ ಎಷ್ಟು ದಿನಕ್ಕೆ ಸಾಕು? ಒಂದು ಕಾಲದಲ್ಲಿ ಸೆಕ್ಷನ್ 125ರಲ್ಲಿ ಜೀವನಾಂಶಕ್ಕೆ ತಿಂಗಳಿಗೆ 500 ರೂಪಾಯಿಯ ಮಿತಿ ಇತ್ತು. 2001ರ ತಿದ್ದುಪಡಿ ಆ ಮಿತಿಯನ್ನು ತೆಗೆದುಹಾಕಿತು. ಹಾಗಾಗಿ ತಾಯಿ ಮಗನ ಕೆಲಸದ ವಿಷಯವನ್ನು ಪ್ರಾಮಾಣಿಕವಾಗಿ ಹೇಳುವ ಅರ್ಜಿಯಲ್ಲೇ, ತನ್ನ ಪಾಲನ್ನು ಈಗಿನ ಬೆಲೆಗೆ ತಕ್ಕಂತೆ ಹೆಚ್ಚಿಸಿ ಎಂದೂ ಕೇಳಬಹುದು. ತಾನೇ ಮುಂದೆ ಬಂದು ನಿಜ ಹೇಳಿದವರ ಮಾತಿಗೆ ಅಲ್ಲಿ ತೂಕ ಹೆಚ್ಚು.

ಹೇಳುವುದು ಹೇಗೆ?

1. ಆದೇಶದ ದೃಢೀಕೃತ ಪ್ರತಿ, ಮಗುವಿನ ಜನನ ಪ್ರಮಾಣಪತ್ರ ಅಥವಾ ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಕೆಲಸಕ್ಕೆ ಸೇರಿದ ದಿನಾಂಕ ಮತ್ತು ಸಂಬಳದ ವಿವರ, ಹಣ ಬಂದ ಬ್ಯಾಂಕ್ ಪಾಸ್‌ಬುಕ್. ಇಷ್ಟನ್ನು ಒಂದು ಕವರಿನಲ್ಲಿ ಇಟ್ಟುಕೊಳ್ಳಿ.

2. ಆದೇಶ ಕೊಟ್ಟ ಕೋರ್ಟಿಗೇ ವಕೀಲರ ಮೂಲಕ ಅರ್ಜಿ ಅಥವಾ ಮೆಮೊ ಸಲ್ಲಿಸಿ. ಸ್ವೀಕೃತಿಯ ಪ್ರತಿ ಇಟ್ಟುಕೊಳ್ಳಿ. ಅರ್ಜಿಯ ದಿನಾಂಕವೇ ಮುಂದೆ ನಿಮಗೆ ರಕ್ಷಣೆ.

3. ಇಬ್ಬರಿಗೂ ಒಪ್ಪಿಗೆ ಇದ್ದರೆ ಜಂಟಿ ಮೆಮೊ ಹಾಕಬಹುದು, ಇಲ್ಲವೇ ಲೋಕ ಅದಾಲತ್‌ನಲ್ಲಿ ಮುಗಿಸಿಕೊಳ್ಳಬಹುದು. ಲೋಕ ಅದಾಲತ್‌ನ ತೀರ್ಮಾನಕ್ಕೆ ಸಿವಿಲ್ ಕೋರ್ಟಿನ ಡಿಕ್ರಿಯಷ್ಟೇ ಬೆಲೆಯಿದೆ. ಊರ ಹಿರಿಯರ ಮುಂದೆ ಮಾಡಿದ ಪಂಚಾಯಿತಿ ಒಪ್ಪಂದಕ್ಕೆ ಕೋರ್ಟಿನ ಆದೇಶವನ್ನು ಬದಲಿಸುವ ಶಕ್ತಿ ಇಲ್ಲ. ಅಲ್ಲಿ ಮಾತು ಮುಗಿದರೂ ಅದನ್ನು ಕೋರ್ಟಿನಲ್ಲಿ ದಾಖಲಿಸಿ.

4. ವಕೀಲರಿಗೆ ಕೊಡಲು ಹಣವಿಲ್ಲದಿದ್ದರೆ ತಾಲ್ಲೂಕು ಕಾನೂನು ಸೇವಾ ಸಮಿತಿ ಅಥವಾ ದಾವಣಗೆರೆಯ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವು ಸಿಗುತ್ತದೆ. ಸಹಾಯವಾಣಿ 15100.

5. ಕೋರ್ಟ್ ಆದೇಶವೇ ಇಲ್ಲದೆ, ಮಾತಿನ ಮೇಲೆ ತಂದೆ ಹಣ ಕಳಿಸುತ್ತಿದ್ದರೆ ಅರ್ಜಿಯ ಪ್ರಶ್ನೆ ಇಲ್ಲ. ಮಗುವಿಗೆ ಕೆಲಸ ಸಿಕ್ಕಿದ್ದನ್ನು ತಿಳಿಸಿ, ಮುಂದೆ ಹೇಗೆ ಎಂದು ಮಾತಾಡಿ, ಆಡಿದ್ದನ್ನು ಬರೆದಿಟ್ಟುಕೊಳ್ಳಿ.

ಫಾರ್ವರ್ಡ್ ಮಾಡುವ ಮುಂಚೆ

ಮಾತು: ಕೆಲಸಕ್ಕೆ ಸೇರಿದ ದಿನವೇ ಜೀವನಾಂಶ ನಿಲ್ಲುತ್ತದೆ.
ನಿಜ: ತಾನಾಗಿ ನಿಲ್ಲುವುದಿಲ್ಲ. ಆ ದುಡಿಮೆಯಲ್ಲಿ ಬದುಕಲು ಆಗುತ್ತದೆಯೇ ಎಂದು ಕೋರ್ಟ್ ನೋಡುತ್ತದೆ.

ಮಾತು: 18 ಆದರೆ ಎಲ್ಲ ಮಕ್ಕಳ ಹಕ್ಕೂ ಮುಗಿಯಿತು.
ನಿಜ: ಮದುವೆಯಾಗದ ಹಿಂದೂ ಮಗಳಿಗೆ ಮತ್ತು ಅಂಗವೈಕಲ್ಯದಿಂದ ದುಡಿಯಲಾಗದ ಮಗುವಿಗೆ ನಂತರವೂ ಹಕ್ಕಿದೆ.

ಮಾತು: ಹೆಚ್ಚಾಗಿ ಬಂದದ್ದನ್ನೆಲ್ಲ ಬಡ್ಡಿ ಸಮೇತ ಕಟ್ಟಬೇಕು.
ನಿಜ: ಅಂಥ ಸಾರಾಸಗಟು ನಿಯಮವಿಲ್ಲ. ಆದರೆ ಸುಳ್ಳು ಹೇಳಿ ಪಡೆದ ಹಣಕ್ಕೆ ಈ ರಕ್ಷಣೆಯನ್ನು ನಂಬಿಕೊಳ್ಳುವಂತಿಲ್ಲ.

ಇಂಥ ಭಯದ ಸಂದೇಶಗಳಿಂದ ಹೆಚ್ಚು ಪೆಟ್ಟು ತಿನ್ನುವುದು ಮಕ್ಕಳೇ. ಜೀವನಾಂಶ ಹೋಗುತ್ತದೆ ಎಂದು ಹೆದರಿ ಸಂಬಳದ ಚೀಟಿ ಇಲ್ಲದ ಕೆಲಸಕ್ಕೆ ಸೇರುವ ಹುಡುಗ ಪಿಎಫ್ ಕಳೆದುಕೊಳ್ಳುತ್ತಾನೆ, ಇಎಸ್‌ಐ ಕಳೆದುಕೊಳ್ಳುತ್ತಾನೆ. ಅಪ್ಪ ಅಮ್ಮನ ಜಗಳದ ನಡುವೆ ಬೆಳೆದವನಿಗೆ ಮೊದಲ ಸಂಬಳವನ್ನೂ ಬಚ್ಚಿಡುವ ಗತಿ ಬರಬಾರದು. ನಲ್ಲೂರಿನ ಆ ತಾಯಿ ಮಾಡಬೇಕಾದದ್ದು ಇಷ್ಟೇ: ಆದೇಶದ ಪ್ರತಿ ಹುಡುಕಿ, ಮಗನಿಗೆ ಕೆಲಸ ಸಿಕ್ಕಿದೆ ಎಂದು ಒಂದು ಹಾಳೆಯಲ್ಲಿ ಬರೆದು, ತನಗೆ 5,000 ಸಾಲುತ್ತಿಲ್ಲ ಎಂಬುದನ್ನೂ ಅದೇ ಹಾಳೆಯಲ್ಲಿ ಸೇರಿಸಿ, ಕೋರ್ಟಿಗೆ ಕೊಡುವುದು.